ಗಾಳಿ ಜೋರಾಗಿತ್ತು ಎಂದು ಬರೆದವನು ನಾನು

ಚಳ್ಳಕೆರೆಯ ನಮ್ಮ ಬಾಸ್ಕೆಟ್‌ಬಾಲ್ ಕೋರ್ಟಿನಲ್ಲಿ ಯಾರನ್ನೂ ಬಾಯಿಬಿಟ್ಟು ಬೈಯುವಂತಿಲ್ಲ. ಹಿಂದೆ ಒಮ್ಮೆ ಪಂದ್ಯ ಸೋತ ಸಂಜೆ ‘ನಿನ್ನಿಂದ, ನಿನ್ನಿಂದ’ ಎಂದು ಶುರುವಾದ ಮಾತು ಇಬ್ಬರು ಆಟಗಾರರ ಹಲ್ಲಿನವರೆಗೆ ಹೋಗಿತ್ತಂತೆ. ತಂಡ ಕಟ್ಟಿದ ಪಿ.ಟಿ. ಮೇಷ್ಟ್ರು ಅಂದೇ ಒಂದು ಕರಿಹಲಗೆ ತಂದು ಬೇವಿನ ಮರಕ್ಕೆ ತಗುಲಿಹಾಕಿ ಕಾನೂನು ಮಾಡಿದರು. ಪಂದ್ಯ ಮುಗಿದ ಮೇಲೆ ಆಟಗಾರನಿಗೆ ಏನು ಹೇಳಬೇಕಾದರೂ ಹಲಗೆಯಲ್ಲಿ, ತಲೆಗೊಂದೇ ಸಾಲು. ಮುಂದಿನ ಪಂದ್ಯದವರೆಗೆ ಅದನ್ನು ಅಳಿಸುವಂತಿಲ್ಲ. ಮೇಷ್ಟ್ರು ನಿವೃತ್ತರಾದರು, ಕಾನೂನು ಆಗಲಿಲ್ಲ.

ಆ ಸಾಲು ಬರೆಯುವವನು ನಾನು. ಜೀವಮಾನದಲ್ಲಿ ಒಂದು ಚೆಂಡನ್ನೂ ಬುಟ್ಟಿಗೆ ಹಾಕಿದವನಲ್ಲ. ಹೈಸ್ಕೂಲಿನ ಕನ್ನಡ ಮೇಷ್ಟ್ರು, ಅಕ್ಷರ ದುಂಡಗಿದೆ, ಸಂಜೆ ಅದೇ ಮೈದಾನಕ್ಕೆ ವಾಕಿಂಗ್ ಬರುತ್ತೇನೆ. ಅರ್ಹತೆ ಇಷ್ಟೇ. ವಾಕಿಂಗ್ ಬರುವುದು ಕೂಡ ಸಕ್ಕರೆ ಕಾಯಿಲೆ ಬಂದೀತೆಂಬ ಭಯಕ್ಕೆ. ಬಂದಿಲ್ಲ. ಆದರೆ ಐವತ್ತೆರಡಾಯಿತಲ್ಲ, ಬರದೆ ಎಲ್ಲಿ ಹೋದೀತು ಎಂದು ಕಾಯುತ್ತಿದ್ದೇನೆ.

ಹೀಗೆ ಬಾರದ ಕಾಯಿಲೆಗೂ ಹೆದರುವವನ ಕೈಗೆ ಸೀಮೆಸುಣ್ಣ ಕೊಟ್ಟರೆ ಏನಾಗುತ್ತದೆ? ‘ಪ್ರಯತ್ನ ಮೆಚ್ಚುವಂತಿತ್ತು’, ‘ಅದೃಷ್ಟ ಕೈಕೊಟ್ಟಿತು’ ಎಂಬಂಥ ಸಾಲುಗಳಾಗುತ್ತವೆ. ನಮ್ಮ ತಂಡದ ದೊಡ್ಡ ಆಟಗಾರನ ವಿಷಯದಲ್ಲಂತೂ ನಾನು ಇನ್ನೂ ಸುಲಭದ ದಾರಿ ಹಿಡಿದಿದ್ದೆ.

ಅವನು ಮೊಳಕಾಲ್ಮೂರಿನವನು, ರೇಷ್ಮೆ ಸೀರೆ ನೇಯುವವನು. ಭಾನುವಾರ ಬಸ್ಸಿನಲ್ಲಿ ಬಂದು ನಮ್ಮ ಪರವಾಗಿ ಆಡುತ್ತಾನೆ. ಇಪ್ಪತ್ತೇಳು ವಯಸ್ಸು. ಒಂದು ವಾರ ಅವನ ಆಟ ನೋಡಿದರೆ ಇವನು ಈ ಊರಲ್ಲಿ ಯಾಕಿದ್ದಾನೆ ಅನ್ನಿಸುತ್ತದೆ. ಮುಂದಿನ ವಾರ ನೋಡಿದರೆ ಈ ತಂಡದಲ್ಲಿ ಯಾಕಿದ್ದಾನೆ ಅನ್ನಿಸುತ್ತದೆ. ಮೂರು ಜನರನ್ನು ದಾಟಿ ಗಾಳಿಯಲ್ಲಿ ತಿರುಗಿ ಚೆಂಡು ಹಾಕಿದವನೇ, ಎದುರಿಗೆ ಯಾರೂ ಇಲ್ಲದಾಗ ದೂರದಿಂದ ಎಸೆದು ರಿಂಗಿಗೆ ಠಣ್ ಎನಿಸುತ್ತಾನೆ. ಹೀಗೆ ಅವನು ಕೆಟ್ಟದಾಗಿ ಆಡಿದ ದಿನಗಳಲ್ಲಿ ಅವನ ಹೆಸರಿನ ಮುಂದೆ ನಾನು ‘ಗಾಳಿ ಜೋರಾಗಿತ್ತು’ ಎಂದು ಬರೆಯುತ್ತಿದ್ದೆ. ಗಾಳಿಯೇನು ಬಂದು ನನ್ನ ಕೊರಳಪಟ್ಟಿ ಹಿಡಿಯುವುದಿಲ್ಲ. ಮೇಲಾಗಿ ನಮ್ಮ ಸೀಮೆಯಲ್ಲಿ ಗಾಳಿ ಎಂದರೆ ಯಾರೂ ಸಾಕ್ಷಿ ಕೇಳುವುದಿಲ್ಲ.

ಅವನನ್ನು ಬೈಯಬೇಕೋ ಬೇಡವೋ ಎಂಬುದು ಬೇವಿನ ಮರದ ಕೆಳಗಿನ ಕಲ್ಲುಬೆಂಚಿನಲ್ಲಿ ಮೂರು ವರ್ಷದಿಂದ ನಡೆದಿದ್ದ ಚರ್ಚೆ. ಒಂದು ಕಡೆ ಪಿ.ಟಿ. ಮೇಷ್ಟ್ರು. ಇನ್ನೊಂದು ಕಡೆ ಟೈರ್ ಅಂಗಡಿಯ ಸಾಹೇಬರು. ನಡುವೆ ನಾನು, ಕೊನೆಗೆ ಮಾತಾಡಿದವರ ಪಕ್ಷ.

“ಇಂಥ ಕೈ ಇಟ್ಕಂಡು ಹಿಂಗ್ ಆಡ್ತಾನಲ್ಲ, ಇವ್ನಿಗೆ ಬೈಲಿಲ್ಲ ಅಂದ್ರೆ ಇನ್ಯಾರಿಗ್ರಿ ಬೈಯೋದು?” ಎನ್ನುತ್ತಿದ್ದರು ಮೇಷ್ಟ್ರು.

“ಅರೆ, ಕಲಾಕಾರ್ ಅವ್ನು. ಕಲಾಕಾರ್‌ಗೆ ಡ್ಯೂಟಿ ಟೈಮ್ ಇರ್ತೈತಾ?”

“ಹಂಗಾದ್ರೆ ನೀನೂ ವಾರ ಬಿಟ್ಟು ವಾರ ಪಂಚರ್ ಹಾಕು.”

“ನಾನ್ ಪಂಚರ್ ಹಾಕೋದ್ ನೋಡೋಕೆ ಯಾರಾದ್ರೂ ಕಾಂಪೌಂಡ್ ಹತ್ತಿ ಕುಂತವ್ರಾ ಮೇಷ್ಟ್ರೇ? ಅವ್ನಿಗೆ ಕುಂತ್ಕಂತಾರೆ. ಸುಮ್ನೆ ನೋಡ್ಬೇಕು, ಖುಷಿ ಪಡ್ಬೇಕು, ಮನೆಗ್ ಹೋಗ್ಬೇಕು.”

ಇಬ್ಬರೂ ನನ್ನ ಕಡೆ ತಿರುಗುತ್ತಿದ್ದರು. ನಾನು “ಅದೂ ಹೌದು” ಎನ್ನುತ್ತಿದ್ದೆ. ಯಾವುದು ಎಂದು ಹೇಳುತ್ತಿರಲಿಲ್ಲ.

ಕಳೆದ ಬೇಸಿಗೆಯ ಪಂದ್ಯಾವಳಿಯ ಫೈನಲ್ ನಮ್ಮದೇ ಕೋರ್ಟಿನಲ್ಲಿತ್ತು. ಅವನು ದೂರದಿಂದ ಎಸೆದದ್ದು ಒಂದೂ ಬೀಳಲಿಲ್ಲ, ಸೋತೆವು. ಅಂದು ಸೆಖೆಗೆ ಜನ ಕರಪತ್ರವನ್ನೇ ಬೀಸಣಿಗೆ ಮಾಡಿಕೊಂಡಿದ್ದರು. ಬೇವಿನ ಮರದ ಒಂದೆಲೆಯೂ ಅಲ್ಲಾಡಿರಲಿಲ್ಲ. ಅದೇ ಮರದ ಕೆಳಗೆ ನಿಂತು ನಾನು ದುಂಡಗೆ ‘ಗಾಳಿ ಜೋರಾಗಿತ್ತು’ ಎಂದು ಬರೆದೆ. ಹಿಂದಿನಿಂದ ಪಿ.ಟಿ. ಮೇಷ್ಟ್ರು ಕೇಳಿದರು, “ಎಲ್ಲಿತ್ರಿ? ನಿಮ್ ತಲೇಲಾ?”

ಅಳಿಸುವಂತಿರಲಿಲ್ಲ. ಕಾನೂನು ಅವರದೇ.

ಆ ವಾರದಲ್ಲೇ ದಾವಣಗೆರೆಯ ಒಂದು ಖಾಸಗಿ ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರು, ಪ್ರತಿ ಪಂದ್ಯ ನೋಡಿ ಹಲಗೆ ಬರೆಯುವವನು ನಾನೆಂದು ಕೇಳಿ, ನನಗೆ ಫೋನು ಮಾಡಿದರು. ಅವರಿಗೆ ಹುಡುಗರನ್ನು ತಯಾರು ಮಾಡುವ ಒಬ್ಬ ಸಹಾಯಕ ಬೇಕಿತ್ತು. ಕಾಲೇಜಿನ ಪರವಾಗಿ ಆಡಲೂ ಬೇಕು. ತಿಂಗಳ ಸಂಬಳ, ಇರಲು ಮನೆ. ನಮ್ಮವನ ಆಟ ಎಲ್ಲೋ ಒಂದು ಒಳ್ಳೆಯ ದಿನ ನೋಡಿದ್ದರು. “ಅವನ ಕೈ ನೋಡೀನ್ರಿ, ಕೈ ಬಗ್ಗೆ ಮಾತಿಲ್ಲ. ನಂಬಬಹುದಾ ಅಂತ ಹೇಳ್ರಿ. ಶನಿವಾರ ಮತ್ತೆ ಮಾಡ್ತೀನಿ” ಎಂದರು.

ಈ ಕೆಲಸ ಸಿಕ್ಕರೆ ಅವನು ಆಟದಿಂದಲೇ ಬದುಕಬಹುದು. ಸಿಗದಿದ್ದರೆ ಈ ವಯಸ್ಸಿನಲ್ಲಿ ಇನ್ನೊಬ್ಬರು ಕೇಳಿಕೊಂಡು ಬರುವುದಿಲ್ಲ. ಇದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಬೆಂಚಿನವರನ್ನು ಕೇಳಿದೆ. “ಇದ್ದದ್ ಇದ್ದಂಗ್ ಹೇಳ್ರಿ” ಎಂದರು ಮೇಷ್ಟ್ರು. “ವಜ್ರ ಅಂತ ಹೇಳಿ ಫೋನ್ ಇಡಿ” ಎಂದರು ಸಾಹೇಬರು. ನನಗೆ ಇಬ್ಬರೂ ಸರಿಯೆನಿಸಿದರು. ಹಾಗಾಗಿ ಶುಕ್ರವಾರ ರಜೆ ಹಾಕಿ ಅವನನ್ನೇ ನೋಡಲು ಮೊಳಕಾಲ್ಮೂರಿನ ಬಸ್ಸು ಹತ್ತಿದೆ.

ತಳಕು ಊರು ದಾಟುವ ಹೊತ್ತಿಗೆ ನನಗೆ ಒಂದು ಉಪಾಯ ಹೊಳೆದಿತ್ತು. ಕುಣಿಮಗ್ಗದಲ್ಲಿ ದಿನವಿಡೀ ಕಾಲು ಗುಂಡಿಯಲ್ಲಿಳಿಸಿ ತುಳಿಯುತ್ತಾ ಲಾಳಿ ಎಸೆಯುವವನು, ಕೈ ಸೋತಿರುತ್ತದೆ, ದೂರದ ಎಸೆತಕ್ಕೆ ಬಲವಿರುವುದಿಲ್ಲ. ಮಗ್ಗ ಬಿಟ್ಟರೆ ಸರಿಹೋಗುತ್ತಾನೆ ಎಂದು ನಿರ್ದೇಶಕರಿಗೆ ಹೇಳಿಬಿಡುವುದು. ಗಾಳಿಯ ಬದಲು ಮಗ್ಗ. ನನ್ನ ಬುದ್ಧಿ ಅದಕ್ಕಿಂತ ದೂರ ಹೋಗುವಂಥದ್ದಲ್ಲ.

ಅವನು ಮಗ್ಗದಲ್ಲಿದ್ದ. ಅಂಚಿನ ಬಣ್ಣ ಬೇರೆ, ಒಡಲಿನ ಬಣ್ಣ ಬೇರೆ ಇರುವ ಸೀರೆ. ಅದಕ್ಕೆ ಒಬ್ಬರ ಕೈ ಸಾಲದು. ಈ ತುದಿಯಲ್ಲಿ ಅವನು, ಆ ತುದಿಯಲ್ಲಿ ಅವನ ಹೆಂಡತಿ. ಅವಳು ಅಂಚಿನ ಲಾಳಿ ತೂರುತ್ತಾಳೆ, ಇವನು ಒಡಲಿನದು. ಇಬ್ಬರೂ ಒಬ್ಬರನ್ನೊಬ್ಬರು ನೋಡುವುದಿಲ್ಲ. ಲಾಳಿ ಒಮ್ಮೆಯೂ ತಪ್ಪುವುದಿಲ್ಲ. ನಾನು ಅರ್ಧ ಗಂಟೆ ಕೂತು ನೋಡಿದೆ. ಇಲ್ಲಿ ಹಲಗೆ ತಗುಲಿಹಾಕಿದ್ದರೆ ನನಗೆ ಬರೆಯಲು ಏನೂ ಇರುತ್ತಿರಲಿಲ್ಲ.

ಕಾಫಿ ಬಂತು. ನಾನು ಮಗ್ಗದ ಮಾತೆತ್ತಿದೆ. ಅವನು ನಕ್ಕ.

“ಇಲ್ಲ ಸಾರ್. ಮಗ್ಗ ಏನ್ ಮಾಡುತ್ತೆ? ವಾರವೆಲ್ಲ ನೇಯ್ದು ಬಂದು ಚೆನ್ನಾಗ್ ಆಡಿರೋದೂ ಐತೆ. ನಂಗೆ ತೊಂದ್ರೆ ಅಂದ್ರೆ ಗಾಳಿ ಒಂದೇ.”

ನಾನು ಲೋಟ ಕೆಳಗಿಟ್ಟೆ.

“ನೀವೇ ಬರೀತಿದ್ರಲ್ಲ ಸಾರ್. ಮೊದಲ್ನೇ ವರ್ಷನೇ ನಂಗೆ ಅರ್ಥ ಆತು. ನಾನು ಬಾಲ್ ಭಾಳ ಎತ್ತರಕ್ಕೆ ಎಸೀತಿದ್ದೆ. ಎತ್ತರಕ್ಕೋದ್ರೆ ಗಾಳಿ ಹೊಡ್ಕಂಡ್ ಹೋಗುತ್ತೆ. ಅದಕ್ಕೆ ಕೆಳಗಿಳಿಸ್ಕಂಡೆ. ಈಗ ನೇರ ಹೊಡೀತೀನಿ, ಗಾಳಿಗಿಂತ ಕೆಳಗೆ.” ಅವನು ಅಂಗೈಯನ್ನು ಹಾಸಿದ ನೂಲಿನ ಮೇಲೆ ಚಪ್ಪಟೆಯಾಗಿ ಜಾರಿಸಿ ತೋರಿಸಿದ. “ಇನ್ನೂ ಪೂರ್ತಿ ಹತ್ತಿಲ್ಲ ಕೈಗೆ. ಹತ್ತುತ್ತೆ.”

ಮೂರು ವರ್ಷದ ಹಿಂದಿನ ಅವನ ಎಸೆತ ನನಗೆ ನೆನಪಿತ್ತು. ಚೆಂಡು ಮೇಲೆ ಹೋಗಿ, ಒಂದು ಗಳಿಗೆ ಅಲ್ಲೇ ಯೋಚಿಸುತ್ತಾ ನಿಂತು, ಬಲೆಯೊಳಕ್ಕೆ ಸದ್ದಿಲ್ಲದೆ ಇಳಿಯುತ್ತಿತ್ತು. ಎಲ್ಲರಂತೆ ಅವನೂ ಆಗೊಮ್ಮೆ ಈಗೊಮ್ಮೆ ತಪ್ಪುತ್ತಿದ್ದ, ಅಷ್ಟೇ. ಅಂಥ ಒಂದು ಸಂಜೆ ಅವನ ಮನಸ್ಸು ನೋಯಬಾರದೆಂದು ನಾನು ಗಾಳಿಯನ್ನು ಎಳೆದು ತಂದಿದ್ದೆ. ಅವನು ಅದನ್ನು ಪಾಠದಂತೆ ಓದಿ, ಇಲ್ಲದ ಗಾಳಿಗೆ ತಕ್ಕಂತೆ ತನ್ನ ಕೈಯನ್ನೇ ತಿದ್ದಿಕೊಂಡಿದ್ದ. ನೇರ ಹೋದ ಚೆಂಡು ರಿಂಗಿಗೆ ಬಡಿಯದೆ ಇನ್ನೇನು ಮಾಡುತ್ತದೆ? ರಿಂಗಿನ ಹತ್ತಿರಕ್ಕೇ ನುಗ್ಗಿ ಆಡಿದ ದಿನ ಗೆಲ್ಲುತ್ತಿದ್ದ, ದೂರದಿಂದ ಎಸೆಯಬೇಕಾದ ದಿನ ಸೋಲುತ್ತಿದ್ದ. ಬೆಂಚಿನ ಮೇಲೆ ಮೂರು ವರ್ಷ ಚರ್ಚೆ ಮಾಡಿದ್ದು ನನ್ನ ಅಕ್ಷರಗಳ ಬಗ್ಗೆ.

ಹೇಳದೆ ಎದ್ದುಬರಬಹುದಿತ್ತು. ಅದರಲ್ಲಿ ನನಗೆ ಒಳ್ಳೆಯ ಅಭ್ಯಾಸವಿದೆ. ಆದರೆ ಬಾಯಿ ತಾನಾಗಿ ತೆರೆಯಿತು.

“ಗಾಳಿ ಇರ್ಲಿಲ್ಲಪ್ಪ. ಒಂದೆರಡು ಸಲ ಇತ್ತೇನೋ. ನಾನು ಸುಮ್ನೆ ಬರೀತಿದ್ದೆ.”

“ಸುಮ್ನೆ ಅಂದ್ರೆ?”

“ನಿಂಗೆ ಬೇಜಾರಾಗ್ಬಾರ್ದು ಅಂತ.”

ಆ ತುದಿಯಿಂದ ಹೆಂಡತಿ ತೆಲುಗಿನಲ್ಲಿ ಅವನಿಗೆ ಏನೋ ಚುರುಕಾಗಿ ಹೇಳಿದಳು. “ಆಗು” ಎಂದ ಅವನು, ತಡೆ ಎಂಬಂತೆ. ಅವಳು ತಡೆಯಲಿಲ್ಲ. ಕನ್ನಡಕ್ಕೆ ತಿರುಗಿ ನನ್ನನ್ನೇ ಕೇಳಿದಳು:

“ನಮ್ ಸೀರೇಲಿ ಒಂದೆಳೆ ತಪ್ಪಿದ್ರೆ ನಾನ್ ಇವ್ರಿಗೆ ಆಗಿಂದಾಗ್ಲೇ ಕೂಗಿ ಹೇಳ್ತೀನಿ ಸಾರ್. ಬಿಚ್ಚಿ ನೇಯ್ತೀವಿ. ಬೇಜಾರಾಗುತ್ತೆ ಅಂತ ನಾನ್ ಸುಮ್ಕಿದ್ರೆ, ಸೆರಗಿನ ಗಂಟ ನೇಯ್ದ್ ಮೇಲೆ ಇವ್ರೇನ್ ಮಾಡ್ಬೇಕು?”

ಕಾಫಿ ಚೆನ್ನಾಗಿದೆ ಎಂದೆ. ಅದು ಆರಿ ಕೆನೆ ಕಟ್ಟಿತ್ತು.

ಶನಿವಾರ ನಿರ್ದೇಶಕರ ಫೋನು ಬಂದಾಗ ನಾನು ನಡೆದದ್ದನ್ನೆಲ್ಲ ಹೇಳಿದೆ. ತಪ್ಪು ನನ್ನದು, ಹುಡುಗನದಲ್ಲ ಎಂದು ಎರಡೆರಡು ಸಲ ಹೇಳಿದೆ. ಅವರು ಬಹಳ ಹೊತ್ತು ನಕ್ಕರು. ಆಮೇಲೆ, “ತಪ್ಪು ನಿಮ್ಮದೇ ಇರಲಿ ಮೇಷ್ಟ್ರೇ, ಬಾಲ್ ಹೊರಗ್ ಬೀಳೋದು ಅವನದಲ್ಲೇನ್ರಿ?” ಎಂದರು. ಕೊನೆಗೆ ಹತ್ತು ದಿನ ಬಿಟ್ಟು ಕರೆದುಕೊಂಡು ಬನ್ನಿ, ಒಮ್ಮೆ ಆಡಿಸಿ ನೋಡೋಣ ಎಂದರು.

ಆ ಹತ್ತು ದಿನ ಅವನು ದಿನಾ ಸಂಜೆ ಚಳ್ಳಕೆರೆಗೆ ಬಂದ. ಹಳೆಯ ಎಸೆತ ಹುಡುಕಲು. ಪಿ.ಟಿ. ಮೇಷ್ಟ್ರು ತಮ್ಮ ಕಾನೂನನ್ನು ತಾವೇ ಮುರಿದು ಕೋರ್ಟಿನೊಳಗೆ ನಿಂತರು. “ಎತ್ತು, ಇನ್ನೂ ಎತ್ತು! ಮೊಣಕೈ ಒಳಗೆ! ಲೇ, ಮುಂಚೆ ಎಸೀತಿದ್ಯಲ್ಲೋ ಹಂಗೆ!” ಸಾಹೇಬರು ಹೊರಗಿನಿಂದ “ಛೋಡೋ ಮೇಷ್ಟ್ರೇ, ಅವ್ನಿಗೆ ಬಂದಂಗ್ ಎಸೀಲಿ” ಎಂದು ಕೂಗುತ್ತಿದ್ದರು. ಅವನು ಎತ್ತರಕ್ಕೆ ಎಸೆದರೆ ಚೆಂಡು ರಿಂಗನ್ನು ತಲುಪದೆ ಬೀಳುತ್ತಿತ್ತು. ನೇರ ಎಸೆದರೆ ಬಡಿಯುತ್ತಿತ್ತು. “ಮುಂಚೆ ಹೆಂಗ್ ಎಸೀತಿದ್ದೆ ಅಂತ ನಂಗೇ ಗೊತ್ತಿಲ್ಲ ಮೇಷ್ಟ್ರೇ” ಎಂದ ಒಂದು ದಿನ, ಚೆಂಡನ್ನು ಕಂಕುಳಲ್ಲಿಟ್ಟುಕೊಂಡು. “ಗೊತ್ತಿಲ್ದೆ ಎಸೀತಿದ್ದೆ.” ಪಿ.ಟಿ. ಮೇಷ್ಟ್ರು ಸೀಟಿಯನ್ನು ಒರೆಸಿಕೊಂಡರು.

ದಾವಣಗೆರೆಗೆ ನಾನೇ ಜೊತೆಗೆ ಹೋದೆ. ಛಾವಣಿಯಿರುವ ಕೋರ್ಟು, ಮರದ ನೆಲ. ಕಿಟಕಿಗಳೆಲ್ಲ ಮುಚ್ಚಿದ್ದವು. ಮೊದಲ ಹತ್ತು ನಿಮಿಷ ಅವನು ಅಲ್ಲಿದ್ದವರ ನಡುವೆ ನುಸುಳಿ ನುಸುಳಿ ಹಾಕಿದ. ನಿರ್ದೇಶಕರು ನನ್ನ ತೊಡೆ ತಟ್ಟಿ “ಏನ್ ಹುಡುಗ್ರೀ!” ಎಂದರು. ನಾನು ಆಗಲೇ ಅವನ ಹೊಸ ಮನೆಗೆ ನೀರು ಸರಿಯಾಗಿ ಬರುತ್ತದೋ ಇಲ್ಲವೋ ಎಂಬ ಚಿಂತೆ ಶುರುಮಾಡಿದ್ದೆ. ಆಮೇಲೆ ಅವರು ದೂರದಿಂದ ಎಸೆಯಲು ಹೇಳಿದರು.

ಮೊದಲನೆಯದು ಬಡಿಯಿತು. ಎರಡನೆಯದು ಮುಟ್ಟಲೇ ಇಲ್ಲ. ಮೂರನೆಯದಕ್ಕೆ ಮುಂಚೆ ಅವನು ಚೆಂಡು ಹಿಡಿದು ನನ್ನ ಕಡೆ ನೋಡಿದ. ಎತ್ತರವೋ, ನೇರವೋ ಎಂದು ಕೇಳುವ ನೋಟ. ನನ್ನ ಬಲಗೈ ತಾನಾಗಿ ಎದೆಯ ಮಟ್ಟಕ್ಕೆ ಎದ್ದಿತು. ಮುಂದೆ ಮೇಲಕ್ಕೆ ಹೋಗಬೇಕೋ, ಅಲ್ಲೇ ಚಪ್ಪಟೆಯಾಗಬೇಕೋ ಗೊತ್ತಾಗದೆ ನಿಂತಿತು. ಪಕ್ಕದಲ್ಲಿ ನಿರ್ದೇಶಕರಿದ್ದರು. ನಾನು ಕನ್ನಡಕ ಸರಿಮಾಡಿಕೊಂಡೆ. ಅವನು ಎಸೆದ. ಅದು ಎರಡೂ ಆಗಿರಲಿಲ್ಲ.

“ಒಳ್ಳೆ ಹುಡುಗ. ಆದರೆ ನಮ್ಮ ಹುಡುಗ್ರಿಗೆ ಇವನು ಏನಂತ ಕಲಿಸ್ತಾನ್ರಿ?” ಎಂದರು ನಿರ್ದೇಶಕರು. ಬೈದಂತೆ ಇರಲಿಲ್ಲ. ಊಟ ಮಾಡಿಸಿಯೇ ಕಳಿಸಿದರು.

ವಾಪಸು ಬಸ್ಸು ಚಿತ್ರದುರ್ಗ ದಾಟಿದ ಮೇಲೆ ಅವನು ಹೇಳಿದ, “ಇನ್ನೂ ಟೈಮೈತೆ ಸಾರ್. ಬೈಯ್ರಿ.”

“ಯಾಕಪ್ಪ ಬೈಲಿ?”

“ಬೈಯ್ರಿ ಸಾರ್. ಮೂರ್ ವರ್ಷದ್ದು.”

ನಾನು ಶುರುಮಾಡಿದೆ. ಮೊದಲು ತಡವರಿಸಿದೆ. ಎಡಗಾಲು ಮುಂದಿಡುವುದು, ಸುಸ್ತಾದಾಗ ಹಿಂದಕ್ಕೆ ಓಡದೆ ನಿಲ್ಲುವುದು, ಒಂದು ತಪ್ಪಿದರೆ ಮುಂದಿನ ಮೂರನ್ನು ಸಿಟ್ಟಿನಲ್ಲಿ ಎಸೆಯುವುದು, ಜೊತೆಯವನಿಗೆ ಕೊಡಬೇಕಾದಾಗ ಕೊಡದಿರುವುದು. ಎಲ್ಲ ನನ್ನ ಕಣ್ಣಿಗೆ ಬಿದ್ದಿತ್ತು ಎಂಬುದು ಹೇಳುತ್ತಾ ಹೇಳುತ್ತಾ ನನಗೇ ತಿಳಿಯಿತು. ನನ್ನ ದನಿ ಏರಿರಬೇಕು. ಮುಂದಿನ ಸೀಟಿನ ಹೆಂಗಸು ತಿರುಗಿ ನೋಡಿ, “ಪಾಪ, ಇರ್ಲಿ ಬಿಡ್ರಿ, ಮಗ ಅಲ್ವಾ” ಎಂದಳು. ಅವನು “ಇಲ್ಲಮ್ಮ, ಹೇಳ್ಲಿ” ಎಂದ. ಒಂದೊಂದಕ್ಕೂ ತಲೆಯಾಡಿಸುತ್ತಿದ್ದ, ಮನಸ್ಸಿನಲ್ಲಿ ಬರೆದುಕೊಳ್ಳುವವನಂತೆ. ಯಾವ ಪಂದ್ಯಕ್ಕೆ ಎಂದು ನಾನು ಕೇಳಲಿಲ್ಲ.

ಚಳ್ಳಕೆರೆಯಲ್ಲಿ ಇಳಿದಾಗ ಮೊಳಕಾಲ್ಮೂರಿನ ಬಸ್ಸು ಹೊರಡಲು ನಿಂತಿತ್ತು. ಅವನು ಬೂಟಿನ ಚೀಲ ಹೆಗಲಿಗೇರಿಸಿಕೊಂಡ.

“ಮನೇಲಿ ಏನ್ ಹೇಳ್ಲಿ ಸಾರ್?”

“ಆಗ್ಲಿಲ್ಲ ಅಂತ ಹೇಳು.”

“ಅದು ನನ್ ಮುಖ ನೋಡಿದ್ರೆ ಗೊತ್ತಾಗುತ್ತೆ ಅವ್ಳಿಗೆ. ಯಾಕೆ ಅಂತ ಕೇಳ್ತಾಳೆ.”

ಕಂಡಕ್ಟರ್ ಎರಡು ಸಲ ಸೀಟಿ ಊದಿದ. ನನ್ನ ಹೆಸರು ಹೇಳು ಎಂದೆ. ಅವನಿಗೆ ಕೇಳಿಸಿತೋ ಇಲ್ಲವೋ, ಅಷ್ಟರಲ್ಲಿ ಫುಟ್‌ಬೋರ್ಡ್ ಮೇಲಿದ್ದ. ಒಳಗೆ ಸೀಟಿರಲಿಲ್ಲ. ಕಂಬಿ ಹಿಡಿದು ನಿಂತೇ ಹೋದ.