ಒಂದು ಗೇಣು ಎತ್ತಿ ನಿಲ್ಲಿಸುವುದು

ನನ್ನ ಮೇಲಿನ ಸಾಲಿನಲ್ಲಿ ಒಂದು ಹಲ್ಲು ಕಟ್ಟಿಸಿದ್ದು. ಬಸವೇಶ್ವರನಗರದ ಹಲ್ಲಿನ ಡಾಕ್ಟರು ಹೇಗಾಯ್ತು ಎಂದು ಕೇಳಿದಾಗ ಸ್ಕೂಟರಿನಿಂದ ಬಿದ್ದೆ ಅಂದೆ. ಸುಳ್ಳು. ಒಬ್ಬ ಟರ್ನರ್ ನನ್ನ ಮುಖಕ್ಕೆ ಗುದ್ದಿದ್ದ. ಗುದ್ದಿದ್ದು ಸರಿಯಾಗಿಯೇ ಇತ್ತು.

ಸುಂಕದಕಟ್ಟೆಯಲ್ಲಿ, ಮಾಗಡಿ ರಸ್ತೆಯಿಂದ ಸ್ವಲ್ಪ ಒಳಕ್ಕೆ, ನನ್ನದೊಂದು ಶೆಡ್ಡು. ನೇಪಾಳಕ್ಕೆ ಸರಕು ಕಳಿಸುವುದು ಕಸುಬು. "ಹಡಗಲ್ಲಿ ಕಳಿಸ್ತೀರಾ ಸಾರ್?" ಎಂದು ಕೇಳುವವರು ಈಗಲೂ ಇದ್ದಾರೆ. ಸಮುದ್ರವೇ ಇಲ್ಲದ ದೇಶ, ಹಡಗನ್ನು ಬೆಟ್ಟದ ಮೇಲೆ ಎಳೆದುಕೊಂಡು ಹೋಗಲಾ ಎಂದು ರೇಗುತ್ತಿದ್ದೆ. ಇಲ್ಲಿಂದ ಲಾರಿ ಬಿಹಾರದ ಗಡಿಗೆ ಹೋಗುತ್ತದೆ. ಅಲ್ಲಿ ಕಸ್ಟಮ್ಸ್, ಆಚೆ ಬೇರೆ ಲಾರಿ, ಆಮೇಲೆ ಟ್ರ್ಯಾಕ್ಟರ್, ಕೊನೆಗೆ ಮನುಷ್ಯರ ಬೆನ್ನು. ದಾರಿಯುದ್ದಕ್ಕೂ ಸರಕನ್ನು ಎಸೆಯುತ್ತಾರೆ, ಒದೆಯುತ್ತಾರೆ, ಹಾರೆ ಹಾಕಿ ಮೀಟುತ್ತಾರೆ. ಅದಕ್ಕೆ ನಾವು ಪೆಟ್ಟಿಗೆ ಮಾಡುವುದೂ ಜಗಳಕ್ಕೆ ನಿಂತ ಹಾಗೆಯೇ: ದಪ್ಪ ಹಲಗೆ, ನಾಲ್ಕಿಂಚಿನ ಮೊಳೆ, ಸುತ್ತ ಬಿಗಿದ ಕಬ್ಬಿಣದ ಪಟ್ಟಿ. ಬೆಳಗಿನಿಂದ ಸುತ್ತಿಗೆಯ ಸದ್ದು, ಅದರ ಮೇಲೆ ನನ್ನ ಬೈಗುಳ. ಬಾಯಿಗಿಂತ ಕೈ ಮುಂದು. ಡ್ರೈವರುಗಳ ಕಾಲರ್ ಹಿಡಿದಿದ್ದೇನೆ, ಒಬ್ಬ ಬಡಗಿಯ ಮೇಲೆ ಸುತ್ತಿಗೆ ಎಸೆದಿದ್ದೇನೆ. ಗುರಿ ತಪ್ಪಿದ್ದು ಅವನ ಪುಣ್ಯ, ನನ್ನದೂ ಕೂಡ. ಹೀಗಿದ್ದರೇನೇ ಕೆಲಸ ಸಾಗುತ್ತದೆ ಎಂದು ನಂಬಿದ್ದೆ.

ಆ ಟರ್ನರ್ ನೇಪಾಳದ ಗುಡ್ಡದೂರಿನವನು. ಕಾಮಾಕ್ಷಿಪಾಳ್ಯದ ಒಂದು ವರ್ಕ್‌ಶಾಪಿನಲ್ಲಿ ಇಪ್ಪತ್ತು ವರ್ಷ ಒಂದೇ ಲೇತ್ ಮುಂದೆ ನಿಂತು ಕಬ್ಬಿಣ ಕಡೆದವನು. ಕನ್ನಡವನ್ನು ನನಗಿಂತ ಮೆತ್ತಗೆ ಮಾತಾಡುತ್ತಿದ್ದ. ಮಾಲೀಕರು ಕಂಪ್ಯೂಟರ್ ಮೆಷಿನ್ ತರಿಸಿ ಹಳೇ ಲೇತನ್ನು ಗುಜರಿಗೆ ಹಾಕಲು ಹೊರಟಾಗ ಇವನು ಅದನ್ನೇ ಕೊಂಡುಕೊಂಡು ನನ್ನ ಹತ್ತಿರ ಬಂದ.

"ನಮ್ಮೂರಲ್ಲಿ ಗಿರಣಿ ಶಾಫ್ಟ್ ಮುರಿದ್ರೆ ರಿಪೇರಿಗೆ ಎರಡು ದಿನ ಕೆಳಗಿಳೀಬೇಕು ಸಾರ್. ಇದು ಊರಿಗೆ ಹೋದ್ರೆ ನಾನೂ ಹೋಗ್ತೀನಿ. ಇಲ್ಲಾಂದ್ರೆ ಇನ್ನೊಬ್ರ ಮೆಷಿನ್ ಮುಂದೆ ಇಲ್ಲೇ ಸಾಯ್ತೀನಿ," ಅಂದ. ಸಾಯುತ್ತೇನೆ ಅನ್ನುವಾಗಲೂ ದನಿ ಏರಿಸಲಿಲ್ಲ.

ಬೆಟ್ಟದ ಟ್ರ್ಯಾಕ್ಟರಿಗೆ ಭಾರ ಕಡಿಮೆ ಮಾಡಲು ಲೇತಿನ ಬಿಡಿಭಾಗಗಳನ್ನು ಬಿಚ್ಚಿ ಬೇರೆ ಪೆಟ್ಟಿಗೆಗೆ ಹಾಕಿದೆವು. ಉಳಿದದ್ದು ಕಾಲುಗಳ ಮೇಲೆ ನಿಂತ ಎರಕದ ಕಬ್ಬಿಣದ ಉದ್ದನೆಯ ಬೆಡ್ಡು, ಅದರ ಒಂದು ತುದಿಗೆ ಕೂತ, ಕಬ್ಬಿಣವನ್ನು ಹಿಡಿದು ತಿರುಗಿಸುವ ಭಾರದ ತಲೆ. ತಲೆಯನ್ನು ಬಿಚ್ಚಲು ಅವನು ಬಿಡಲಿಲ್ಲ, ಬಿಚ್ಚಿ ಕೂರಿಸಿದರೆ ನೇರ ಕೆಡುತ್ತದೆ ಅಂದ. ಲೇತಿನ ಪ್ರಾಣ ಇರುವುದೇ ಬೆಡ್ಡಿನಲ್ಲಿ. ಅದು ಬಿರುಕು ಬಿಟ್ಟರೆ ಮಿಕ್ಕಿದ್ದೆಲ್ಲ ಗುಜರಿ.

ಭಾರದ ಪೆಟ್ಟಿಗೆಯನ್ನು ಎಲ್ಲಿ ಹಿಡಿದು ಎತ್ತಿದರೆ ಎರಡು ಕಡೆಯೂ ಸಮ ತೂಗುತ್ತದೋ ಅಲ್ಲಿ ಕೆಂಪು ಬಣ್ಣದ ಗುರುತು ಹಾಕುತ್ತೇವೆ. ಕ್ರೇನಿನ ಬೆಲ್ಟುಗಳನ್ನು ಆ ಗುರುತಿನ ಎರಡು ಪಕ್ಕಕ್ಕೆ ಕಟ್ಟಬೇಕು. ಗುರುತು ಹಾಕುವವನು ನಾನೇ, ಬೇರೆಯವರ ಕೈಗೆ ಬ್ರಷ್ಷು ಕೊಡುತ್ತಿರಲಿಲ್ಲ. ಹಮಾಲಿಗಳ ಮೇಸ್ತ್ರಿಗೆ ಅವರದೇ ಒಂದು ಪದ್ಧತಿ ಇತ್ತು. ನನಗಿಂತ ಹದಿನೈದು ವರ್ಷ ದೊಡ್ಡವರು. ಯಾವ ಸರಕಾದರೂ ಮೊದಲು ಒಂದು ಗೇಣು ಎತ್ತಿಸಿ ನಿಲ್ಲಿಸುತ್ತಿದ್ದರು. ಸುತ್ತ ಒಂದು ಸುತ್ತು ಬಂದು, ಹಲಗೆಯನ್ನು ಅಂಗೈಯಿಂದ ತಟ್ಟಿ, "ಹೋಗ್ಲಿ" ಅಂದ ಮೇಲೆಯೇ ಕ್ರೇನು ಮೇಲೇರುತ್ತಿತ್ತು.

ಅಂದು ಬೆಳಗ್ಗೆ ಕ್ರೇನು ತಡವಾಗಿ ಬಂತು. ದೊಡ್ಡ ಲಾರಿಗಳನ್ನು ಪೊಲೀಸರು ತಡೆಯುವ ಹೊತ್ತು ಹತ್ತಿರವಾಗುತ್ತಿತ್ತು, ಡ್ರೈವರ್ ಹಾರ್ನ್ ಒತ್ತುತ್ತಲೇ ಇದ್ದ. ನನ್ನ ತಲೆ ಕೆಟ್ಟುಹೋಗಿತ್ತು. ಮೇಸ್ತ್ರಿ ನನ್ನ ಗುರುತಿನಂತೆ ಬೆಲ್ಟು ಕಟ್ಟಿ, ಪೆಟ್ಟಿಗೆಯನ್ನೇ ನೋಡುತ್ತ ನಿಂತರು.

"ಸಾ, ತಲೆ ಕಡೆ ಭಾರ ಜಾಸ್ತಿ ಇದ್ದಂಗೈತೆ. ಒಂದ್ ಗೇಣು ಎತ್ತಿ ನೋಡಾಣ."

"ಗುರುತು ಹಾಕಿರೋನು ನಾನು ಕಣಯ್ಯ. ನೀನು ನಂಗೆ ಹೇಳ್ಕೊಡ್ತೀಯಾ? ನಿಲ್ಲಿಸೋದೆಲ್ಲ ಬೇಡ, ಎತ್ಸು."

ಕ್ರೇನು ಒಂದೇ ಏಟಿಗೆ ಎತ್ತಿತು. ಎದೆಮಟ್ಟ ಏರಿದ ಪೆಟ್ಟಿಗೆ ತಲೆಯ ಕಡೆಗೆ ವಾಲಿತು. ಬೆಲ್ಟು ಜಾರಿತು. ಅಷ್ಟು ಕಬ್ಬಿಣವೂ ತಲೆಯಿದ್ದ ತುದಿ ಮೊದಲಾಗಿ ಕಾಂಕ್ರೀಟಿಗೆ ಬಡಿದು, ಹಲಗೆಗಳು ಸೀಳಿ ಹಾರಿದವು. ಟರ್ನರ್ ಪಕ್ಕದಲ್ಲೇ ಇದ್ದ. ಮೇಸ್ತ್ರಿ ಅವನ ಎದೆಗೆ ಕೈಕೊಟ್ಟು ಆಚೆ ತಳ್ಳಿದರು. ಮೊಳೆಯಿದ್ದ ಹಲಗೆಯೊಂದು ಅವರ ತೋಳನ್ನು ಮಣಿಕಟ್ಟಿನಿಂದ ಮೊಣಕೈವರೆಗೆ ಸೀಳಿಕೊಂಡು ಹೋಯಿತು.

ನಾನು ಆ ರಕ್ತ ನೋಡಿದೆ. ನೋಡಿಯೂ ಮೇಸ್ತ್ರಿಗೇ ಹೊಡೆದೆ. ಕೆನ್ನೆಗೆ ಎರಡು ಬಾರಿಸಿದೆ, ಅವರು ಬಗ್ಗಿದಾಗ ತೊಡೆಗೆ ಒದ್ದೆ. ಬೆಲ್ಟು ಕಟ್ಟೋಕೆ ಬರಲ್ವೇನೋ ಎಂದು ಕಿರುಚುತ್ತಿದ್ದೆ. ಅವರು ಕೈ ಅಡ್ಡ ತರಲಿಲ್ಲ. ಒಂದು ಕೈಯಲ್ಲಿ ಇನ್ನೊಂದು ಕೈಯ ಗಾಯವನ್ನು ಅದುಮಿಕೊಂಡಿದ್ದರು, ಅಡ್ಡ ತರಲು ಕೈಯಾದರೂ ಎಲ್ಲಿತ್ತು? ಮತ್ತೆ ಹೊಡೆಯಲು ಕೈ ಎತ್ತಿದಾಗ ಟರ್ನರ್ ನನ್ನನ್ನು ಹಿಡಿದು ತಿರುಗಿಸಿ ಗುದ್ದಿದ. ಇಪ್ಪತ್ತು ವರ್ಷ ಕಬ್ಬಿಣ ಹಿಡಿದ ಮುಷ್ಟಿ. ಬಾಯಿ ತುಂಬ ರಕ್ತ, ನಾಲಿಗೆಯ ಮೇಲೆ ಹಲ್ಲು.

"ಗುರುತು ನಿಂದು," ಅಂದ. ಸಾರ್ ಅನ್ನುವುದನ್ನು ಬಿಟ್ಟಿದ್ದ. "ಪಾರ್ಟ್ಸ್ ಬಿಚ್ಚೋಕ್ ಮುಂಚೆ ತೂಗಿದ್ದು. ಬಿಚ್ಚಿದ್ಮೇಲೆ ಆ ತುದಿ ಹಗುರ ಆಯ್ತು, ಭಾರ ಅಂತ ತಲೆ ಒಂದೇ ಉಳೀತು. ಅವ್ರು ನಿಲ್ಸೋಣ ಅಂದ್ರು, ನೀನ್ ಎತ್ಸು ಅಂದೆ."

ನನ್ನ ಡೈರಿ ಜೇಬಿನಲ್ಲೇ ಇತ್ತು. ತೆಗೆದು ನೋಡಬೇಕಾಗಿರಲಿಲ್ಲ. ವರ್ಕ್‌ಶಾಪಿನಲ್ಲಿ ಇಡೀ ಲೇತನ್ನು ಎತ್ತಿದಾಗ ಬರೆದುಕೊಂಡ ಅಳತೆಯನ್ನೇ ನಾನು ಪೆಟ್ಟಿಗೆಗೆ ಬಳಿದಿದ್ದೆ.

ಟರ್ನರ್ ಒಡೆದ ಹಲಗೆಗಳನ್ನು ಕಿತ್ತೆಸೆದು ಸೀಮೆಎಣ್ಣೆ ಕೇಳಿದ. ಬೆಡ್ಡಿಗೂ ಕಾಲುಗಳಿಗೂ ಬಳಿದು, ಕಾದು, ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ಉದುರಿಸಿದ. ಒಳಗೆ ಬಿರುಕಿದ್ದರೆ ಹೊಕ್ಕಿದ್ದ ಎಣ್ಣೆ ಮೇಲೆ ಬಂದು ಬಿಳಿಯ ಮೇಲೆ ಗೆರೆ ಮೂಡುತ್ತದೆ. ಮೇಸ್ತ್ರಿಯನ್ನು ಕ್ಲಿನಿಕ್ಕಿಗೆ ಕರೆದರೆ, ತೋಳಿಗೆ ಟವೆಲ್ ಸುತ್ತಿಕೊಂಡು, "ಮೊದ್ಲು ಅದ್ ನೋಡ್ಲಿ" ಎಂದು ಅಲ್ಲೇ ಕೂತರು. ಟವೆಲ್ ಕೆಂಪಗಾಗುತ್ತಿತ್ತು. ನಾನು ಕರವಸ್ತ್ರ ಕಚ್ಚಿಕೊಂಡು ಒಂದು ಮೂಲೆಯಲ್ಲಿ ನಿಂತಿದ್ದೆ. ನನಗೆ ಗೊತ್ತಿದ್ದ ದೇವರನ್ನೆಲ್ಲ ನೆನೆದೆ, ನಾಚಿಕೆಯಿಲ್ಲದೆ.

ತಲೆಯ ಕೆಳಗಿನ ಕಾಲಿನ ಮೇಲೆ ಕೂದಲೆಳೆಯಷ್ಟು ಗೆರೆ ಮೂಡಿತು. ಬೆಡ್ಡು ಬೆಳ್ಳಗೇ ಉಳಿಯಿತು. ಟರ್ನರ್ ನೆಲದ ಮೇಲೆ ಕುಕ್ಕರಿಸಿ, ಮುಖ ಮುಚ್ಚಿಕೊಂಡು ಅತ್ತ.

ಹೊಸ ಕಾಲು ಎರಕ ಹೊಯ್ಸಿ ತರಲು ಮೂರು ವಾರ ಹಿಡಿಯಿತು. ಅಷ್ಟರಲ್ಲಿ ಮೇಸ್ತ್ರಿ ಹೊಲಿಗೆ ಬಿಚ್ಚಿಸಿಕೊಂಡು ಕೆಲಸಕ್ಕೆ ಬಂದರು. ಎಲ್ಲರೆದುರು ತಪ್ಪಾಯ್ತು ಅಂದೆ. "ಆಯ್ತು ಬಿಡಿ ಸಾ" ಅಂದರು. ಬಣ್ಣದ ಬ್ರಷ್ಷನ್ನು ಅವರ ಮುಂದೆ ಹಿಡಿದೆ, ನೀವೇ ಹಾಕಿ ಅಂದೆ.

"ನೀವೇ ಹಾಕಿ ಸಾ. ನಾನ್ ಹಾಕಿದ್ ತಪ್ಪಾದ್ರೆ ಇನ್ನೂ ಜಾಸ್ತಿ ಏಟ್ ಬೀಳ್ತವೆ."

ಕೋಪದಿಂದ ಅಂದದ್ದಲ್ಲ, ವ್ಯಂಗ್ಯವೂ ಇರಲಿಲ್ಲ. ಹಾಗೆ ಅಂದಿದ್ದರೆ ತಡೆದುಕೊಳ್ಳುತ್ತಿದ್ದೆ. ಹೊಸದಾಗಿ ತೂಗಿ ಗುರುತು ಹಾಕಿದೆ. ಅವರು ಒಂದು ಗೇಣು ಎತ್ತಿಸಿ, ಸುತ್ತು ಬಂದು, ಹಲಗೆ ತಟ್ಟಿದರು. ಪೆಟ್ಟಿಗೆ ಅಲುಗಲಿಲ್ಲ. "ಹೋಗ್ಲಿ" ಅಂದರು. ಟರ್ನರ್ ಅದೇ ಲಾರಿಯ ಕ್ಯಾಬಿನ್ನಿಗೆ ಹತ್ತಿ ಹೊರಟ.

ಮಳೆಗಾಲ ಕಳೆದ ಮೇಲೆ ನನ್ನ ಫೋನಿಗೆ ಅವನ ವಿಡಿಯೋ ಬಂತು. ತಗಡಿನ ಶೆಡ್ಡು, ಬಾಗಿಲಾಚೆ ಬೆಟ್ಟ, ಒಳಗೆ ಲೇತ್ ತಿರುಗುತ್ತಿತ್ತು, ಕಬ್ಬಿಣದ ಸಿಪ್ಪೆ ಸುರುಳಿಯಾಗಿ ಉದುರುತ್ತಿತ್ತು. ಕೊನೆಯಲ್ಲಿ ಅವನು, "ಮೇಸ್ತ್ರಿ ಅಣ್ಣಂಗೆ ತೋರ್ಸಿ ಸಾರ್" ಎಂದಿದ್ದ. ನಾನು ಖುಷಿಯಲ್ಲಿ ಫೋನು ಹಿಡಿದು ಮೇಸ್ತ್ರಿಯ ಹತ್ತಿರ ಓಡಿದೆ, ನೋಡಲಿ ಎಂದು ಕೈ ಚಾಚಿದೆ. ಅವರು ಎರಡು ಹೆಜ್ಜೆ ಹಿಂದಕ್ಕೆ ಹೋದರು, ಮುಖ ಪಕ್ಕಕ್ಕೆ ತಿರುಗಿತ್ತು. ಬೇಕೆಂದು ಮಾಡಿದ್ದಲ್ಲ, ಮೈ ತಾನಾಗಿ ಹೋದದ್ದು. ಆಮೇಲೆ ಅವರಿಗೇ ಸಂಕೋಚವಾಗಿ, "ಅಲ್ಲಿ ಮೇಜಿನ್ ಮೇಲ್ ಇಡಿ ಸಾ, ನೋಡ್ಕೊಂತೀನಿ" ಅಂದರು.

ನಾನು ಫೋನನ್ನು ಮೇಜಿನ ಮೇಲಿಟ್ಟು, ದೂರ ಬಂದು ನಿಂತೆ.