ಕೂಸಿಗೆ ಎರೆದ ಕೈ

ನನಗೆ ನೆನಪಿರುವಾಗಿನಿಂದ ನನ್ನ ಎದೆಯ ನಡುವೆ ಒಂದು ಕುಣಿ. ಮೈ ತೊಳೆಯುವಾಗ ಹಿಂದಕ್ಕೆ ವಾಲಿದರೆ ಅದರಲ್ಲಿ ನೀರು ನಿಲ್ಲುತ್ತಿತ್ತು. ಹೇಗಾಯಿತೆಂದು ಯಾರು ಕೇಳಿದರೂ ಮನೆಯಲ್ಲಿ ಉತ್ತರ ಸಿದ್ಧವಿತ್ತು: ಹೊರ್ತಿಯ ದೊಡ್ಡವ್ವ ಒತ್ತಿದ್ದಕ್ಕೆ.

ದೊಡ್ಡವ್ವ ಅಂದರೆ ಅವ್ವನ ಅಕ್ಕ. ಓಣಿಯಲ್ಲಿ ಯಾರ ಬಾಣಂತನವಾದರೂ ಕೂಸಿಗೆ ಎರೆಯಲು ಅವಳೇ ಬೇಕಿತ್ತು. ಚಾಚಿದ ಕಾಲ ಮೇಲೆ ಮಲಗಿಸಿ, ಎಣ್ಣೆ ತಿಕ್ಕಿ, ಮೂಗು ನೀವಿ, ಎದೆ ಒತ್ತಿ ಬಿಸಿನೀರು ಹಾಕುತ್ತಿದ್ದಳು. ನನಗೂ ಎರೆದಳು. ಅಪ್ಪನ ಮನೆಯವರು ಕುಣಿ ನೋಡಿ ಒಂದು ಮಾತಂದರು, ಊರು ಅದನ್ನು ಹತ್ತು ಮಾಡಿತು. ಮುಂದೆ ಯಾರೂ ಅವಳ ಕಾಲ ಮೇಲೆ ಕೂಸು ಹಾಕಲಿಲ್ಲ. ನಾನೇನು ಕಮ್ಮಿ? ಓಡಲಾಗದೆ ಏದುಸಿರು ಬಿಟ್ಟಾಗಲೆಲ್ಲ ಆ ಕೈಗೆ ಶಾಪ ಹಾಕಿದೆ. ಅವಳು ಹಬ್ಬಕ್ಕೆ ಬಂದರೆ ಎದ್ದು ಹೊರಗೆ ಹೋಗುತ್ತಿದ್ದೆ.

ನಲವತ್ತು ದಾಟಿದ ಮೇಲೆ, ಬಾಗೇವಾಡಿಯಲ್ಲಿ ನಾನು ಕಲಿಸುವ ಶಾಲೆಯ ಮೆಟ್ಟಿಲು ಹತ್ತುವುದೂ ಕಷ್ಟವಾಯಿತು. ಸೊಲ್ಲಾಪುರದ ಡಾಕ್ಟರು ಸ್ಕ್ಯಾನ್ ತೋರಿಸಿದರು. ಒಳಗೆ ಬಾಗಿದ ಎದೆಯೆಲುಬು ಹೃದಯದ ಬಲಭಾಗವನ್ನು ಅದುಮಿತ್ತು. ರಕ್ತ ತುಂಬಿಕೊಳ್ಳಲು ಅಲ್ಲಿ ಜಾಗ ಸಾಲುತ್ತಿರಲಿಲ್ಲ. ಎಲುಬಿನ ಕೆಳಗೆ ಉಕ್ಕಿನ ಪಟ್ಟಿ ತೂರಿಸಿ ಮೇಲೆತ್ತಿದರು. ತಿಂಗಳುಗಟ್ಟಲೆ ನೋವು ತಿಂದೆ. ಮತ್ತೆ ಸ್ಕ್ಯಾನ್ ಮಾಡಿದಾಗ ಹೃದಯ ಚೆನ್ನಾಗಿ ತುಂಬುತ್ತಿತ್ತು. ವಯಸ್ಕರೆಲ್ಲರಿಗೂ ಇಷ್ಟು ಫರಕು ಬೀಳುತ್ತದೆಂದು ಹೇಳಲಾಗದು, ನಿಮ್ಮ ಅದೃಷ್ಟ ಎಂದರು ಡಾಕ್ಟರು. ಕೂಸಿದ್ದಾಗ ಒತ್ತಿದ್ದಕ್ಕೇ ಹೀಗಾಯಿತಲ್ಲವೇ ಎಂದು ಕೇಳಿದೆ. ಅವರು ನಕ್ಕುಬಿಟ್ಟರು. ಇದು ಹುಟ್ಟಿನಿಂದ ಬರುವಂಥದ್ದು, ಎರೆಯುವ ಕೈಯಿಂದಲ್ಲ ಎಂದರು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ್ದೆವು. ನನಗೆ ನನ್ನ ಮೇಲೇ ಹೇಸಿಗೆಯಾಯಿತು. ಹೊರ್ತಿಗೆ ಹೊರಟರೆ ಅವ್ವ, ಮುದುಕಿಗೆ ಈಗ ಯಾಕೆ ತೊಂದರೆ ಎಂದು ತಡೆದಳು. ನಾನು ಕೇಳಲಿಲ್ಲ.

ದೊಡ್ಡವ್ವ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದಳು. ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿ, ತಪ್ಪಾಯಿತೆಂದೆ. ಅವಳು ಕೈ ಮುಂದೆ ತಂದು, ಅರ್ಧಕ್ಕೇ ನಿಲ್ಲಿಸಿದಳು.

“ಮುಟ್ಲೇನು?”

ನಾನೇ ಆ ಕೈ ಹಿಡಿದು ಎದೆಯ ಮೇಲಿಟ್ಟುಕೊಂಡೆ. ಬಹಳ ಹೊತ್ತು ಬಡಿತ ನೋಡಿದಳು. ಆಮೇಲೆ ಕೈ ತೆಗೆದು ಮತ್ತೆ ಮೊರ ಎತ್ತಿಕೊಂಡಳು.

“ನನಗ ಮೊದಲ ಗೊತ್ತಿತ್ತು ತಮ್ಮಾ. ನಾ ಎರಿಯೂದಕ್ಕಿಂತ ಮೊದಲ ಕುಣಿ ಇತ್ತು, ನಿಮ್ಮವ್ವನೂ ನೋಡಿದ್ಲು. ತಪ್ಪು ಹಡದಾಕಿ ಮ್ಯಾಲ ಬಂದ್ರ ಅಕಿ ಗಂಡನ ಮನ್ಯಾಗ ಹ್ಯಾಂಗ ಬಾಳ್ವಿ ಮಾಡ್ಬೇಕು ಅಂತ ನಾ ಬಾಯಿ ಮುಚ್ಚಿದೆ.”

ಅವ್ವ ಬಾಗೇವಾಡಿಯಲ್ಲಿ ನನ್ನ ಜೊತೆಗೇ ಇದ್ದಾಳೆ. ತನ್ನ ಅಕ್ಕ ಏನಂದಳು ಎಂದು ಅವಳು ಇವತ್ತಿನವರೆಗೂ ಕೇಳಿಲ್ಲ.