ಏಜೆಂಟ್‌ಗಳಿಗೆ ಬರೆದ ಪುಟ

ಆಫೀಸಿನಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದುದು ಕೈಪಿಡಿ ಅಕ್ಕ ಎಂದು. ಕಂಪನಿ ಮಾಡುವ ಸಾಫ್ಟ್‌ವೇರಿಗೆಲ್ಲ 'ಇದನ್ನು ಹೀಗೆ ಬಳಸಿ' ಎಂದು ಬರೆದುಕೊಡುವುದು ಅವಳ ಕೆಲಸ. ಇಪ್ಪತ್ತೆರಡು ವರ್ಷ ಬರೆದಳು. ಕೈಪಿಡಿಯನ್ನು ಪೂರ್ತಿ ಓದಿದವರನ್ನು ಯಾರೂ ಕಂಡಿಲ್ಲ ಎನ್ನುವುದು ಬೇರೆ ಮಾತು. ಕೆಲಸ ಕೆಟ್ಟಾಗ ಮಾತ್ರ ಎಲ್ಲರಿಗೂ ಅದರ ನೆನಪಾಗುತ್ತದೆ. ಒಂದು ಕಾಲಕ್ಕೆ ಬರೆಯುವವರು ನಾಲ್ವರಿದ್ದರು. ಈಗ ಕಿಟಕಿ ಪಕ್ಕದ ಮೇಜಿನಲ್ಲಿ ಅವಳೊಬ್ಬಳೇ. ಉಳಿದ ಮೂರು ಮೇಜುಗಳ ಮೇಲೆ ಕೆಟ್ಟುಹೋದ ಮಾನಿಟರುಗಳನ್ನು ಪೇರಿಸಿದ್ದರು.

ಅವಳಿಗೊಂದು ಅಭ್ಯಾಸ. ಬರೆದ ಪುಟವನ್ನು ಮನೆಗೆ ಒಯ್ದು ಅಣ್ಣನಿಗೆ ಓದಿ ಹೇಳುವುದು. ಅಣ್ಣ ಮೂವತ್ತು ವರ್ಷ ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸಿದವನು. ಇಬ್ಬರೂ ಮದುವೆಯಾಗಲಿಲ್ಲ, ಎರಡು ಕೋಣೆಯ ಮನೆಯಲ್ಲಿ ಒಬ್ಬರಿಗೊಬ್ಬರು. ಕಂಪ್ಯೂಟರಿನ ಗಂಧಗಾಳಿ ಅವನಿಗಿಲ್ಲ. ಅದಕ್ಕೇ ಅವನು ಬೇಕು. ಅವನು 'ನಿಲ್ಲು' ಎಂದನೆಂದರೆ ಪುಟ ಅಲ್ಲಿ ಎಡವಿದೆ ಎಂದೇ ಲೆಕ್ಕ. ಅವನೂ ಸುಲಭಕ್ಕೆ ಬಿಡುವ ಆಸಾಮಿಯಲ್ಲ. ಒಂದು ಪದಕ್ಕಾಗಿ ಊಟ ತಣ್ಣಗಾಗುವ ತನಕ ಜಗಳವಾಡುತ್ತಿದ್ದ.

ಈ ಸಲ ಬಂದದ್ದು ತಪ್ಪು ಹುಡುಕುವ ಉಪಕರಣ. ಪ್ರೋಗ್ರಾಮಿನಲ್ಲಿ ಆವರಣ ಚಿಹ್ನೆ ಮುಚ್ಚದೆ ಬಿಟ್ಟಿದ್ದರೆ, ಅಲ್ಪವಿರಾಮ ತಪ್ಪಿದ್ದರೆ, ಸಾಲಿನ ಸಂಖ್ಯೆ ಸಮೇತ ಹೇಳುತ್ತದೆ. ಆದರೆ ಅದನ್ನು ಬಳಸುವವರು ಮನುಷ್ಯರಲ್ಲ, ಎಐ ಏಜೆಂಟ್‌ಗಳು. ತಾವೇ ಪ್ರೋಗ್ರಾಂ ಬರೆದು, ತಾವೇ ಉಪಕರಣ ಓಡಿಸಿ, ತಾವೇ ತಿದ್ದಿಕೊಳ್ಳುವಂಥವು. ಅವುಗಳಿಗೊಂದು ಪುಟ ಬೇಕಿತ್ತು. ಅವಳಿಗಿಂತ ಹದಿನೈದು ವರ್ಷ ಚಿಕ್ಕವನಾದ ಮ್ಯಾನೇಜರ್ ಕಡ್ಡಿ ಮುರಿದ ಹಾಗೆ ಹೇಳಿದ.

"ಮೇಡಂ, ನಿಮ್ಮ ಪುಟ ಕೊಟ್ಟು ಏಜೆಂಟ್‌ಗಳ ಕೈಲಿ ನೂರು ಕೆಲಸ ಮಾಡಿಸ್ತೀವಿ. ಕೊಡದೆ ಅದೇ ನೂರು ಮಾಡಿಸ್ತೀವಿ. ಕೊಟ್ಟಾಗ ಜಾಸ್ತಿ ಸರಿ ಬಂದ್ರೆ ನಿಮ್ಮ ಕೆಲಸ ಉಳಿಯುತ್ತೆ. ಇಲ್ಲಾಂದ್ರೆ ಮೇಲಿನವರಿಗೆ ನಾನೇನು ಹೇಳ್ಲಿ?"

ಮೂರು ವಾರ ಬರೆದಳು. ಯಂತ್ರಕ್ಕೇಕೆ ಉಪಚಾರ ಎಂದು 'ದಯವಿಟ್ಟು'ಗಳನ್ನು ತೆಗೆದಳು. ಒಂದು ಸಂಜೆ ಅಣ್ಣನ ಮುಂದೆ ಓದಲು ಕೂತಳು.

"ನಿಲ್ಲು," ಎಂದ ಅಣ್ಣ. "ತಪ್ಪು ಕಂಡ್ರೆ ಹೇಳುತ್ತೆ, ಸರಿ. ಏನೂ ಹೇಳ್ದೆ ಸುಮ್ನಿದ್ರೆ?"

"ತಪ್ಪಿಲ್ಲ ಅಂತ."

"ನೋಡೇ ಇಲ್ಲ ಅಂತಾನೂ ಇರಬಹುದಲ್ಲ? ನಮ್ಮ ಪ್ರೆಸ್ಸಲ್ಲಿ ಪ್ರೂಫ್ ನೋಡೋನೊಬ್ಬ ಇದ್ದ. ಒಂದು ಗುರುತೂ ಹಾಕದೆ ವಾಪಸ್ ಕಳಿಸೋನು. ಮಹಾನುಭಾವ ಕಟ್ಟನ್ನೇ ಬಿಚ್ಚಿರ್ತಿರಲಿಲ್ಲ!"

ಮಾರನೆಯ ದಿನ ಅವಳು ಬೇಕೆಂದೇ ಇಲ್ಲದ ಫೈಲಿನ ಹೆಸರು ಕೊಟ್ಟು ನೋಡಿದಳು. ಉಪಕರಣ ತಪ್ಪು ಎನ್ನದೆ ತೆಪ್ಪಗಿತ್ತು, ಕೊನೆಯಲ್ಲಿ ಮಾತ್ರ ನೋಡಿದ ಫೈಲು ಸೊನ್ನೆ ಎಂದು ಸಣ್ಣಗೆ ತೋರಿಸಿತ್ತು. 'ಉಪಕರಣ ಸುಮ್ಮನಿದ್ದರೆ ಎಷ್ಟು ಫೈಲು ನೋಡಿತು ಎಂಬುದನ್ನು ನೋಡಿ. ಸೊನ್ನೆ ಇದ್ದರೆ ಏನನ್ನೂ ಪರೀಕ್ಷಿಸಿಲ್ಲ' ಎಂದು ಪುಟದ ತಲೆಗೇ ಬರೆದಳು. ಇಷ್ಟು ವರ್ಷದಲ್ಲಿ ಇದಕ್ಕಿಂತ ಒಳ್ಳೆಯ ಸಾಲನ್ನು ಅವಳು ಬರೆದಿರಲಿಲ್ಲ. ಇನ್ನು ಕೆಲಸಕ್ಕೇನೂ ಭಯವಿಲ್ಲ ಎಂದು ಒಳಗೊಳಗೇ ಹಿಗ್ಗಿದಳು, ಪಾಪ.

ಪರೀಕ್ಷೆಗೆ ಒಂದು ಗಂಟೆಯೂ ಹಿಡಿಯಲಿಲ್ಲ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಪುಟ ಕೊಡದೆ ತೊಂಬತ್ತಮೂರು ಸರಿ. ಪುಟ ಕೊಟ್ಟು ತೊಂಬತ್ತಮೂರು ಸರಿ.

"ಆ ಸೊನ್ನೆ ವಿಷಯ?" ಎಂದಳು.

"ಪುಟ ಇಲ್ದೇನೂ ಅದನ್ನ ನೋಡ್ಕೊಳ್ತಿವೆ ಮೇಡಂ. ನೀವು ಬರೆದ ಹಳೇ ಕೈಪಿಡಿಗಳೆಲ್ಲ ಇಂಟರ್ನೆಟ್ಟಲ್ಲಿ ಇದಾವಲ್ಲ, ಅಂಥವನ್ನೆಲ್ಲ ಓದೇ ಇವು ತಯಾರಾಗಿರೋದು. ಅನುಮಾನ ಪಡೋದನ್ನ ನಿಮ್ಮಿಂದ್ಲೇ ಕಲಿತಿದ್ರೂ ಕಲಿತಿರಬಹುದು. ಒಂಥರಾ ಖುಷಿಪಡ್ಬೇಕು ನೀವು."

ಅವನು ಹೇಳಿದ್ದು ಸಮಾಧಾನಕ್ಕೇ. ಸಂಕಟವೂ ಅದೇ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಮೂರು ವಾರದ ದುಡಿಮೆ ಹೊಳೆಯಲ್ಲಿ ಹುಣಸೇಹಣ್ಣು ತೊಳೆದ ಹಾಗಾಯಿತು. ತಿಂಗಳ ಕೊನೆಗೆ ಕೆಲಸ ಬಿಡುವುದಾಗಿ ಅವಳು ಕಾಗದಕ್ಕೆ ಸಹಿ ಹಾಕಿದಳು, ಆಮೇಲೆ ಮ್ಯಾನೇಜರ್ ಪುಟವನ್ನು ಅಳಿಸಿ ಎಂದಾಗ ಅದನ್ನೂ ತಾನೇ ಅಳಿಸಿದಳು. ಅಳು ಬರಲಿಲ್ಲ. ಐವತ್ತೊಂದನೆಯ ವಯಸ್ಸಿನಲ್ಲಿ ತನ್ನನ್ನು ಇನ್ನು ಯಾರು ಕರೆದಾರು ಎಂದಷ್ಟೇ ಬಸ್ಸಿನುದ್ದಕ್ಕೂ ಯೋಚಿಸಿದಳು.

ಮನೆಯಲ್ಲಿ ಅಣ್ಣನಿಗೆ ಎಲ್ಲ ಹೇಳಿದಳು. ಅವನು ಅವಳ ಚೀಲದಿಂದ ಪುಟದ ಪ್ರತಿಯನ್ನು ತೆಗೆದ, ಬೆಳಕಿಗೆ ಕುರ್ಚಿ ಎಳೆದುಕೊಂಡ, ಒಂದೊಂದೇ ಸಾಲಿನ ಕೆಳಗೆ ಬೆರಳು ಸರಿಸುತ್ತ ಓದತೊಡಗಿದ. ಅನ್ನ ಬೆಂದು ಇಳಿಸಿದರೂ ತಲೆಯೆತ್ತಲಿಲ್ಲ.

"ಏನು ಹುಡುಕ್ತಿದೀಯ ಅಣ್ಣ?"

"ತಪ್ಪು. ಎಲ್ಲೋ ನಾನು ನೋಡದೆ ಬಿಟ್ಟಿದೀನಿ. ಸಿಕ್ಕರೆ ತಿದ್ಕೊಂಡು ನಾಳೆ ತಗೊಂಡು ಹೋಗು."

"ತಪ್ಪೇನೂ ಇಲ್ಲ ಅದ್ರಲ್ಲಿ."

"ಇರ್ಲೇಬೇಕು. ತಪ್ಪಿಲ್ದೆ ಯಾರಾದ್ರೂ ಬೇಡ ಅಂತಾರಾ?" ಎಂದು ಅವನು ಮತ್ತೆ ಮೊದಲ ಸಾಲಿಗೆ ಹೋದ.